ಸೀಟು ಸಿಕ್ಕಿತು, ಹಾಸ್ಟೆಲ್ ಯಾವುದು?

ಕಾಲೇಜು ಹುಡುಕುವುದಕ್ಕೆ ಮನೆಮಂದಿಯೆಲ್ಲ ಸೇರಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ. ಸಿಇಟಿ ರ್‍ಯಾಂಕ್ ಹಿಡಿದುಕೊಂಡು, ಹೋದ ವರ್ಷ ಯಾವ ಕಾಲೇಜಿನ ಸೀಟು ಎಷ್ಟನೇ ರ್‍ಯಾಂಕಿಗೆ ನಿಂತಿತ್ತು ಎಂದು ಲೆಕ್ಕ ಹಾಕುತ್ತೇವೆ. ಆಪ್ಷನ್ ಎಂಟ್ರಿ ಮಾಡುವ ದಿನ ಪಕ್ಕದ ಬೀದಿಯ ಎಂಜಿನಿಯರನ್ನೂ ಕರೆದು ಕೂರಿಸಿಕೊಳ್ಳುತ್ತೇವೆ. ಮಗ ಅಥವಾ ಮಗಳು ಎಲ್ಲಿ ಮಲಗಬೇಕು, ಯಾರ ಜೊತೆ ಉಣ್ಣಬೇಕು ಎಂಬ ಪ್ರಶ್ನೆಗೆ ಮಾತ್ರ ಸಿಗುವುದು ಅಡ್ಮಿಷನ್ ದಿನದ ಮಧ್ಯಾಹ್ನ, ಫೀಸು ಕಟ್ಟಿ ಹೋಟೆಲಿನಲ್ಲಿ ಊಟ ಮುಗಿಸಿ ಊರಿನ ಬಸ್ಸು ಹಿಡಿಯುವ ಮುಂಚಿನ ಅರ್ಧ ಗಂಟೆ. ಕ್ಲಾಸು ನಡೆಯುವುದು ದಿನಕ್ಕೆ ಐದಾರು ತಾಸು. ಉಳಿದ ಹೊತ್ತೆಲ್ಲ ಕಳೆಯುವುದು ಆ ಅರ್ಧ ಗಂಟೆಯಲ್ಲಿ ಆರಿಸಿದ ಜಾಗದಲ್ಲಿ.

ಅಷ್ಟು ಹೊತ್ತಿನಲ್ಲಿ ನೋಡುವುದಾದರೂ ಏನನ್ನು? ಮಂಚ, ಫ್ಯಾನು, ಬಚ್ಚಲಿನ ಟೈಲ್ಸು, ವಾರ್ಡನ್ ಕೋಣೆಯ ಗೋಡೆಗೆ ಅಂಟಿಸಿದ ಮೆನು ಪಟ್ಟಿ. ಆ ಪಟ್ಟಿಯಲ್ಲಿ ಭಾನುವಾರ ಪಲಾವ್ ಇರುತ್ತದೆ, ಬುಧವಾರ ಹೋಳಿಗೆಯೂ ಇರಬಹುದು. ಮೆನು ಓದಿ ಹಾಸ್ಟೆಲ್ ಒಪ್ಪಿಕೊಳ್ಳುವುದೆಂದರೆ ಲಗ್ನಪತ್ರಿಕೆ ಓದಿ ಸಂಸಾರ ಹೇಗಿರುತ್ತದೆಂದು ಹೇಳಿದ ಹಾಗೆ. ಬುಧವಾರದ ಹೋಳಿಗೆ ಎಷ್ಟು ಬುಧವಾರ ಬಂತು ಎಂಬುದು ಗೋಡೆಗೆ ಗೊತ್ತಿಲ್ಲ. ಎರಡನೇ ವರ್ಷದ ಹುಡುಗರಿಗೆ ಗೊತ್ತು.

ಧಾರವಾಡದ ಒಂದು ಹಾಸ್ಟೆಲಿನ ಮೆಟ್ಟಿಲ ಮೇಲೆ ಕಿವಿಗೆ ಬಿದ್ದ ಮಾತು ಇದು. ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು, ಬಕೆಟ್ ಹಿಡಿದು ನಿಂತಿದ್ದ ಒಬ್ಬ ಹುಡುಗ.

‘ಏನಪಾ ತಮ್ಮಾ, ಇಲ್ಲಿ ಊಟಾ ಹ್ಯಾಂಗೈತಿ?’

‘ಊಟಕ್ಕೇನ್ ಅಡ್ಡಿಯಿಲ್ರಿ ಕಾಕಾ. ನೀರಿಂದ ಚಿಂತಿ. ಮ್ಯಾಲಿನ ಮಾಳಗಿಗೆ ಏರಂಗಿಲ್ಲ.’

‘ಹಂಗಾರ ನಮ್ಮ ಹುಡುಗ್ಗ ಕೆಳಗಿನ ರೂಮ್ ಕೇಳ್ಲೇನು?’

‘ಕೆಳಗ ಸೊಳ್ಳಿರಿ ಕಾಕಾ.’

ನಾಲ್ಕು ಮಾತಿನಲ್ಲಿ ಆ ಕಟ್ಟಡದ ಜಾತಕವೇ ಹೊರಗೆ ಬಂತು. ವಾರ್ಡನ್ ಕೊಡುವ ಬಣ್ಣದ ಕರಪತ್ರದಲ್ಲಿ ಇದು ಸಿಗುವುದಿಲ್ಲ. ಹಾಸ್ಟೆಲ್ ನೋಡಲು ಹೋಗುವವರು ಮಧ್ಯಾಹ್ನ ಹೋಗಬಾರದು, ಆಗ ಅಲ್ಲಿ ಯಾರೂ ಇರುವುದಿಲ್ಲ. ಸಂಜೆ ಏಳೂವರೆಗೆ, ಊಟದ ಗಂಟೆ ಹೊಡೆಯುವ ಹೊತ್ತಿಗೆ ಹೋಗಬೇಕು. ಹುಡುಗರು ತಟ್ಟೆ ಹಿಡಿದು ಬರುತ್ತಾರೋ, ಪಾರ್ಸೆಲ್ ಪೊಟ್ಟಣ ಹಿಡಿದು ನೇರ ರೂಮಿಗೆ ಹೋಗುತ್ತಾರೋ ನೋಡಿದರೆ ಸಾಕು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ವರ್ಷಕ್ಕೆ ಕಾಲೇಜಿನ ಅಥವಾ ವಿಶ್ವವಿದ್ಯಾಲಯದ ಹಾಸ್ಟೆಲ್ ಸಿಕ್ಕರೆ ಅದನ್ನೇ ಹಿಡಿಯಬೇಕು, ಅದೂ ಗುರುತು ಪರಿಚಯವಿಲ್ಲದ ಮೂರ್ನಾಲ್ಕು ಜನ ಹಂಚಿಕೊಳ್ಳುವ ರೂಮನ್ನು. ಎದುರಿನ ರಸ್ತೆಯ ಪಿಜಿಯಲ್ಲಿ ಮಂಚ ಮೆತ್ತಗಿರಬಹುದು, ವೈಫೈ ಜೋರಾಗಿರಬಹುದು. ಆದರೂ ಮೊದಲ ವರ್ಷ ಅದು ಬೇಡ. ಸೌಕರ್ಯದ ಲೆಕ್ಕ ಹಾಕಿದರೆ ಈ ಮಾತು ನಿಲ್ಲುವುದಿಲ್ಲ, ಗೊತ್ತು. ಆದರೆ ನಮ್ಮ ನಾಡಿನಲ್ಲಿ ಹಾಸ್ಟೆಲ್ ಹುಟ್ಟಿದ್ದು ಸೌಕರ್ಯಕ್ಕಾಗಿಯಲ್ಲ. ಓದಲು ಪೇಟೆಗೆ ಬಂದ ಹುಡುಗನಿಗೆ ಯಾರ ಮನೆಯಲ್ಲಿ ಊಟ ಸಿಗುತ್ತದೆ, ಯಾರ ಮನೆಯಲ್ಲಿ ಸಿಗುವುದಿಲ್ಲ ಎಂಬ ಪ್ರಶ್ನೆಗೆ ಉತ್ತರವಾಗಿ.

ವಾರಾನ್ನದ ಕಾಲವನ್ನು ನೆನಪಿಸಿಕೊಳ್ಳಿ. ಸೋಮವಾರ ವಕೀಲರ ಮನೆ, ಮಂಗಳವಾರ ಶಾನುಭೋಗರ ಮನೆ, ಹೀಗೆ ವಾರಕ್ಕೆ ಏಳು ಮನೆ ಗೊತ್ತು ಮಾಡಿಕೊಂಡು ಉಂಡು ಓದಿದವರ ಒಂದು ದೊಡ್ಡ ತಲೆಮಾರು ಹಳೆಯ ಮೈಸೂರಿನಲ್ಲಿತ್ತು. ಒಂದು ಮನೆಯಲ್ಲಿ ಮೈಲಿಗೆಯೋ ಪ್ರಯಾಣವೋ ಬಂತೆಂದರೆ ಆ ದಿನ ಉಪವಾಸ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿಕೊಟ್ಟು, ಅದರ ಆಸರೆಯಲ್ಲಿ ದಿನ ದೂಡಿದರು. ಕುವೆಂಪು ಮೈಸೂರಿನ ಸಂತೆಪೇಟೆಯ ಬಾಡಿಗೆ ಕೋಣೆಯಲ್ಲಿದ್ದವರು. ಅಲ್ಲಿ ಕಾಯಿಲೆ ಬಿದ್ದಾಗ ಸ್ವಾಮಿ ಸಿದ್ಧೇಶ್ವರಾನಂದರು ಅವರನ್ನು ರಾಮಕೃಷ್ಣಾಶ್ರಮಕ್ಕೆ ಕರೆದೊಯ್ದು ಆರೈಕೆ ಮಾಡಿದರು. ಮುಂದೆ ಆಶ್ರಮವೇ ಅವರ ಮನೆಯಾಯಿತು. ಸಂತೆಪೇಟೆಯ ಕೋಣೆಯಲ್ಲೇ ಉಳಿದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಭಯವಾಗುತ್ತದೆ.

ಆದರೆ ವಾರಾನ್ನ ಎಲ್ಲರಿಗೂ ಇರಲಿಲ್ಲ. ಪೇಟೆಯಲ್ಲಿ ತನ್ನ ಜಾತಿಯ ಏಳು ಮನೆ ಇದ್ದವನಿಗೆ ಮಾತ್ರ ಅದು ದಕ್ಕುತ್ತಿತ್ತು. ಒಕ್ಕಲು ಮಕ್ಕಳಿಗೆ, ಕುರುಬರ ಮಕ್ಕಳಿಗೆ, ಹೊಲಗೇರಿಯಿಂದ ಬಂದವರಿಗೆ ಯಾರು ಬಾಗಿಲು ತೆಗೆಯಬೇಕು? ಆ ಖಾಲಿ ಜಾಗದಲ್ಲಿಯೇ ನಮ್ಮ ಬೋರ್ಡಿಂಗುಗಳು ಹುಟ್ಟಿದ್ದು. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1901ರಿಂದ ಮೊದಲುಗೊಂಡು ಮರಾಠ, ಜೈನ, ಮುಸ್ಲಿಂ, ಲಿಂಗಾಯತ ಎಂದು ಒಂದೊಂದು ಸಮುದಾಯಕ್ಕೂ ಬೋರ್ಡಿಂಗ್ ಕಟ್ಟಿಸಿದರು. ಬೆಂಗಳೂರಿನ ರೈಲು ನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ಬಾಗಿಲು ತೆರೆಯಿತು, ಅದರ ಬೆನ್ನಿಗೇ ವಿದ್ಯಾರ್ಥಿಗಳಿಗೆ ಉಚಿತ ನಿಲಯವೂ ಬಂತು. ಮುಂದೆ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಶಿವಕುಮಾರ ಸ್ವಾಮೀಜಿ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಉಳಿದದ್ದು ಅಲ್ಲೇ. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘ ಹಾಸ್ಟೆಲನ್ನೇ ಮುಖ್ಯ ಕೆಲಸ ಮಾಡಿಕೊಂಡಿತು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಪ್ರಸಾದ ನಿಲಯ ನಡೆಸಿದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ, ನಿಲಯ ತೆರೆದು ತಮ್ಮವರಿಂದಲೇ ಬಹಿಷ್ಕಾರ ಉಂಡರು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಅವರ ಹೆಸರಿನ ಹಾಸ್ಟೆಲ್ ದಲಿತ ವಿದ್ಯಾರ್ಥಿಗಳ ಒಂದು ವಿಶ್ವವಿದ್ಯಾಲಯವೇ ಆಯಿತು. ಕವಿ ಸಿದ್ದಲಿಂಗಯ್ಯ ತಮ್ಮ ‘ಊರುಕೇರಿ’ಯಲ್ಲಿ ಆ ಹಾಸ್ಟೆಲ್ ದಿನಗಳನ್ನು ನಗುನಗುತ್ತಲೇ ಬರೆದಿದ್ದಾರೆ, ಹಸಿವೂ ಅಲ್ಲಿ ನಗುತ್ತಲೇ ಬರುತ್ತದೆ.

ಜಾತಿ ಹಾಸ್ಟೆಲ್ ಎಂದು ಇವತ್ತು ಮೂಗು ಮುರಿಯುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಆ ಒಲೆಗಳು ಉರಿಯದಿದ್ದರೆ ಕರ್ನಾಟಕದ ಅರ್ಧಕ್ಕರ್ಧ ಮೇಷ್ಟ್ರು, ವಕೀಲರು, ತಹಶೀಲ್ದಾರರು ಊರು ಬಿಟ್ಟು ಹೊರಡುತ್ತಲೇ ಇರಲಿಲ್ಲ. ದೇವರಾಜ ಅರಸರ ಕಾಲದಲ್ಲಿ, 1972ರಲ್ಲಿ ನೇಮಕವಾದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟ ಮೇಲೆ, ಹಿಂದುಳಿದವರ ಓದಿನ ಹೊಣೆಯನ್ನು ಸರ್ಕಾರ ಇನ್ನಷ್ಟು ದೊಡ್ಡದಾಗಿ ಹೊತ್ತುಕೊಂಡಿತು. ಹಳ್ಳಿಯಲ್ಲಿ ಎಲ್ಲರೂ ‘ಬಿಸಿಎಂ ಹಾಸ್ಟೆಲ್’ ಎನ್ನುವುದು ಹಿಂದುಳಿದ ವರ್ಗಗಳ ಇಲಾಖೆಯ ನಿಲಯಗಳನ್ನೇ. ಮಠ, ಸಂಘಗಳು ಹಚ್ಚಿದ್ದ ಒಲೆಗೆ ಸರ್ಕಾರದ ಕಟ್ಟಿಗೆಯೂ ಬಿತ್ತು ಅನ್ನಿ.

ಹಾಗಿದ್ದೂ ಒಂದು ಮಾತು ಉಳಿಯುತ್ತದೆ. ಸಮುದಾಯದ ಬೋರ್ಡಿಂಗಿನಲ್ಲಿ ಮೂರು ವರ್ಷ ಇದ್ದ ಹುಡುಗ ಊರಿನಲ್ಲಿ ಯಾರ ಜೊತೆ ಉಣ್ಣುತ್ತಿದ್ದನೋ ಪೇಟೆಯಲ್ಲೂ ಅವರ ಜೊತೆಯೇ ಉಂಡು ಪದವಿ ಪಡೆಯುತ್ತಾನೆ. ಬಡತನ ಇದ್ದರೆ ಅದೇ ಸರಿ. ಅನ್ನದ ಮುಂದೆ ಆಯ್ಕೆಯ ಮಾತೇ ಬರುವುದಿಲ್ಲ. ಆದರೆ ಕಾಲೇಜು ಹಾಸ್ಟೆಲಿನ ಫೀಸು ಕಟ್ಟುವ ಶಕ್ತಿ ಇರುವವರೂ ‘ನಮ್ಮವರ ಹಾಸ್ಟೆಲ್ ಇದೆಯಲ್ಲ’ ಎಂದು ಅಲ್ಲಿಗೇ ಕಳಿಸುವುದನ್ನು ನೋಡಿದರೆ ಬೇಸರವಾಗುತ್ತದೆ. ಅಲ್ಲಿ ಒಂದು ಸೀಟು ಖಾಲಿ ಬಿಟ್ಟರೆ ನಿಜವಾಗಿ ಬೇಕಾದವನಿಗೆ ಸಿಗುತ್ತದೆ, ನಿಮ್ಮ ಮಗನಿಗೂ ಬೇರೆ ಲೋಕ ಕಾಣುತ್ತದೆ. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಬೀದರ್‌ನವನ ಪಕ್ಕದ ಮಂಚ ಸುಳ್ಯದವನದು. ಒಬ್ಬನಿಗೆ ಶೇಂಗಾ ಹಿಂಡಿ ಇಲ್ಲದೆ ಊಟ ಸೇರದು, ಇನ್ನೊಬ್ಬನಿಗೆ ಕುಚ್ಚಲಕ್ಕಿ ಇಲ್ಲದೆ. ಮೊದಲ ತಿಂಗಳು ಒಬ್ಬರ ಕನ್ನಡ ಒಬ್ಬರಿಗೆ ಅರ್ಥವಾಗುವುದಿಲ್ಲ. ಆರು ತಿಂಗಳಿಗೆ ಇಬ್ಬರೂ ಮೂರನೆಯದೊಂದು ಕನ್ನಡ ಆಡುತ್ತಿರುತ್ತಾರೆ.

ಸರ್ಕಾರಿ ನಿಲಯ ಬೇಕಾದವರಿಗೆ ಆಯ್ಕೆಗಿಂತ ಅರ್ಜಿಯೇ ದೊಡ್ಡ ಪರೀಕ್ಷೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳ ಮೆಟ್ರಿಕ್ ನಂತರದ ನಿಲಯಗಳಿಗೆ ಈಗ ಆನ್‌ಲೈನ್ ಅರ್ಜಿ. ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು, ಅದರಲ್ಲಿರುವ ಹೆಸರಿಗೂ ಆಧಾರ್ ಹೆಸರಿಗೂ ತಾಳೆಯಾಗಬೇಕು. ಒಂದರಲ್ಲಿ ‘ಮಂಜುನಾಥ’, ಇನ್ನೊಂದರಲ್ಲಿ ‘ಮಂಜುನಾಥ ಬಿ.’ ಎಂದಿದ್ದರೆ ನಾಡಕಚೇರಿಗೆ ಅಲೆದಾಟ ಶುರು. ಸೀಟು ಸಿಗಲಿ, ಆಮೇಲೆ ನೋಡೋಣ ಎಂದು ಕೂತವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ವೃತ್ತಿ ಕೋರ್ಸುಗಳ ಕೊನೆಯ ಸುತ್ತಿನಲ್ಲಿ ಸೀಟು ಸಿಕ್ಕವರು ಬರುವಷ್ಟರಲ್ಲಿ ನಿಲಯದ ಮಂಚಗಳು ತುಂಬಿರುತ್ತವೆ. ಪಿಯುಸಿ ಫಲಿತಾಂಶ ಬಂದ ವಾರವೇ ಪ್ರಮಾಣಪತ್ರಗಳನ್ನು ಸರಿಮಾಡಿಟ್ಟುಕೊಂಡವರು ಅರ್ಧ ಗೆದ್ದಂತೆ. ಅರ್ಜಿ ಹಾಕಿಯೂ ಮಂಚ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ‘ವಿದ್ಯಾಸಿರಿ’ ಇದೆ. 2013–14ರಲ್ಲಿ ಶುರುವಾದ ಈ ಯೋಜನೆಯಲ್ಲಿ ಊಟ–ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ಹಣ ಗೊತ್ತುಪಡಿಸಿದ್ದರು. ಬೆಂಗಳೂರಿನಲ್ಲಿ ಅದು ಒಂದು ಮಂಚದ ಬಾಡಿಗೆಗೂ ಸಾಲದು. ಹಾವೇರಿಯಲ್ಲೋ ಕೊಪ್ಪಳದಲ್ಲೋ ನಾಲ್ವರು ಸೇರಿ ರೂಮು ಮಾಡಿದರೆ ಒಂದಷ್ಟು ಆಸರೆ.

ರೂಮು ಮಾಡುವುದು ಉತ್ತರ ಕರ್ನಾಟಕದಲ್ಲಿ ಹಳೆಯ ರೂಢಿ. ಅದರ ಬೆನ್ನೆಲುಬು ಬುತ್ತಿ. ಬೆಳಗಿನ ಮೊದಲ ಬಸ್ಸಿಗೆ ಹಳ್ಳಿಯ ಸ್ಟಾಪಿನಲ್ಲಿ ಅವ್ವಂದಿರು ನಿಂತಿರುತ್ತಾರೆ. ಬಿಳಿ ಅರಿವೆಯಲ್ಲಿ ಬಿಗಿಯಾಗಿ ಕಟ್ಟಿದ ಗಂಟು, ಒಳಗೆ ಹತ್ತೋ ಹನ್ನೆರಡೋ ರೊಟ್ಟಿ, ಮೇಲೆ ಸ್ಟೀಲ್ ಡಬ್ಬಿಯಲ್ಲಿ ಕಾಳುಪಲ್ಯ, ಡಬ್ಬಿಯ ಮುಚ್ಚಳದ ಮೇಲೆ ಎಣ್ಣೆಬಣ್ಣದಲ್ಲಿ ಮಗನ ಹೆಸರು. ಕಂಡಕ್ಟರ್ ಅವನ್ನೆಲ್ಲ ಹಿಂದಿನ ಸೀಟಿನ ಕೆಳಗೆ ಒಟ್ಟುತ್ತಾನೆ. ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ತಮ್ಮ ತಮ್ಮ ಗಂಟು ಎತ್ತಿಕೊಂಡು ನಿನ್ನೆಯ ಖಾಲಿ ಡಬ್ಬಿಯನ್ನು ಅದೇ ಬಸ್ಸಿಗೆ ಹಾಕುತ್ತಾರೆ. ಒಮ್ಮೊಮ್ಮೆ ಗಂಟು ಅದಲುಬದಲಾಗಿ, ಒಬ್ಬನ ಮನೆಯ ಎಣಗಾಯಿ ಇನ್ನೊಬ್ಬನ ಪಾಲಾಗಿ, ಅದರಿಂದಲೇ ಗೆಳೆತನ ಕುದುರಿದ್ದೂ ಉಂಟು. ಈ ದಾರಿಯ ಲಾಭ, ಖರ್ಚು ಕಡಿಮೆ. ತೊಂದರೆ, ಹುಡುಗ ಪೇಟೆಗೆ ಬಂದರೂ ಊರು ಬಿಡುವುದಿಲ್ಲ. ಖಾನಾವಳಿಯ ತಿಂಗಳ ಲೆಕ್ಕ ಇದಕ್ಕಿಂತ ಒಂದು ಹೆಜ್ಜೆ ಮುಂದು. ಆದರೆ ರೂಮಿನಲ್ಲಿ ಜ್ವರ ಬಂದು ಮಲಗಿದವನನ್ನು ಕೇಳಲು ವಾರ್ಡನ್ ಇರುವುದಿಲ್ಲ.

ಇನ್ನು ಪಿಜಿಗಳ ಮಾತು. ಬೆಂಗಳೂರಿಗೆ ಓದಲು ಬರುವವರಿಗೆ ಇದನ್ನು ತಪ್ಪಿಸುವುದು ಕಷ್ಟ, ಎಷ್ಟೋ ಕಾಲೇಜುಗಳಿಗೆ ಹಾಸ್ಟೆಲ್ಲೇ ಇಲ್ಲ. 2024ರಲ್ಲಿ ಕೋರಮಂಗಲದ ಪಿಜಿಯೊಂದರೊಳಗೆ ಯುವತಿಯ ಕೊಲೆಯಾದ ಮೇಲೆ ಆಗಿನ ಬಿಬಿಎಂಪಿ ನಿಯಮಗಳನ್ನು ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಕಾವಲುಗಾರ, ಅಡುಗೆಗೆ ಆಹಾರ ಸುರಕ್ಷತೆಯ ಪರವಾನಗಿ. ಕಾಗದದ ಮೇಲೆ ಚೆನ್ನಾಗಿದೆ. ನೋಡಲು ಹೋದಾಗ ಒಂದು ಟೇಪು ತೆಗೆದುಕೊಂಡು ಹೋಗಿ ಕೋಣೆ ಅಳೆದರೆ ಮಾಲೀಕರ ಮುಖ ನೋಡುವಂತಿರುತ್ತದೆ. ಮೂರು ಮಂಚ ಹಾಕಿದ ಕೋಣೆ 210 ಚದರಡಿ ಇರಬೇಕಲ್ಲ! ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿದರೆ ಕೇಳಿ. ತಿಂಗಳಿಗೆ ತಲಾ 20,000 ರೂಪಾಯಿ ಮೀರದ, ಸತತ 90 ದಿನವಾದರೂ ಇರುವ ವಸತಿಗೆ ತೆರಿಗೆ ಇಲ್ಲವೆಂದು ಜಿಎಸ್‌ಟಿ ಮಂಡಳಿ 2024ರ ಜೂನ್‌ನಲ್ಲಿ ತೀರ್ಮಾನಿಸಿದೆ. ಅಡ್ವಾನ್ಸ್ ಎಷ್ಟು, ಬಿಟ್ಟು ಹೋಗುವಾಗ ಎಷ್ಟು ಮುರಿದುಕೊಳ್ಳುತ್ತಾರೆ, ಎಷ್ಟು ದಿನ ಮುಂಚೆ ಹೇಳಬೇಕು ಎಂಬುದನ್ನು ಬರೆಸಿಕೊಳ್ಳದೆ ದುಡ್ಡು ಕೊಡಬಾರದು. ಇದರಾಚೆಗೆ ಪಿಜಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅಲ್ಲಿ ಪಕ್ಕದ ಮಂಚದವರು ಸಾಫ್ಟ್‌ವೇರ್ ಕೆಲಸಕ್ಕೆ ಹೋಗುವವರು, ರಾತ್ರಿ ಪಾಳಿಯವರು. ಹದಿನೆಂಟರ ಹುಡುಗಿ ಯಾರ ಜೊತೆ ಕೂತು ಅಸೈನ್‌ಮೆಂಟ್ ಬರೆಯಬೇಕು?

ನೀರಿನ ಸಂಗತಿಯನ್ನು ಹಗುರವಾಗಿ ನೋಡಬಾರದು. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ವೈದ್ಯಕೀಯ ಕಾಲೇಜೊಂದರ ಹಾಸ್ಟೆಲಿನಲ್ಲಿ 47 ವಿದ್ಯಾರ್ಥಿನಿಯರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಡಾಕ್ಟರಾಗುವವರ ಹಾಸ್ಟೆಲಿನ ಕತೆಯೇ ಹೀಗಾದರೆ ಉಳಿದ ಕಡೆ ಕೇಳುವುದೇನು? ಟ್ಯಾಂಕ್ ಕೊನೆಯ ಸಲ ತೊಳೆದದ್ದು ಯಾವಾಗ, ಕುಡಿಯುವ ನೀರಿನ ಫಿಲ್ಟರ್ ಬದಲಿಸಿದ್ದು ಯಾವಾಗ ಎಂದು ಕೇಳಿ. ತಾರೀಕು ಹೇಳಿದರೆ ಒಳ್ಳೆಯದು. ‘ಆಗಾಗ ತೊಳಸ್ತೀವಿ ಸಾರ್’ ಎಂದರೆ ತೊಳೆಸುವುದಿಲ್ಲ ಎಂದೇ ಅರ್ಥ.

ಮೆಸ್ಸಿನಲ್ಲಿ ಎರಡು ಬಗೆ. ಒಂದು ಗುತ್ತಿಗೆ, ಇನ್ನೊಂದು ಡಿವೈಡಿಂಗ್. ಎರಡನೆಯದರಲ್ಲಿ ತಿಂಗಳ ಒಟ್ಟು ಖರ್ಚನ್ನು ಉಂಡವರ ಹಾಜರಿಗೆ ಹಂಚುತ್ತಾರೆ. ಹುಡುಗರೇ ಸೆಕ್ರೆಟರಿ, ಹುಡುಗರೇ ಮುಂಜಾನೆ ಮಾರುಕಟ್ಟೆಗೆ ಹೋಗಿ ತರಕಾರಿ ಆರಿಸುತ್ತಾರೆ. ಆ ತಿಂಗಳು ಬಿಲ್ ಏರಿದರೆ ಸೆಕ್ರೆಟರಿಯ ಪಾಡು ಶತ್ರುವಿಗೂ ಬೇಡ. ಆದರೆ ಒಂದು ಚೀಲ ಅಕ್ಕಿ ಎಷ್ಟು ದಿನ ಬರುತ್ತದೆ, ಟೊಮೆಟೊ ದರ ಏರಿದರೆ ಸಾರಿಗೆ ಹುಳಿ ಎಲ್ಲಿಂದ ತರಬೇಕು, ಇನ್ನೂರು ಜನರ ಬೈಗುಳಕ್ಕೆ ಹೇಗೆ ಉತ್ತರಿಸಬೇಕು ಎಂಬುದನ್ನು ಯಾವ ಮ್ಯಾನೇಜ್‌ಮೆಂಟ್ ಕ್ಲಾಸಿನಲ್ಲೂ ಇಷ್ಟು ಚೆನ್ನಾಗಿ ಕಲಿಸುವುದಿಲ್ಲ. ಡಿವೈಡಿಂಗ್ ಮೆಸ್ ಇರುವ ಹಾಸ್ಟೆಲ್ ಸಿಕ್ಕರೆ, ರುಚಿ ಸ್ವಲ್ಪ ಕೆಟ್ಟರೂ ನಾನು ಅದಕ್ಕೇ ಮತ ಹಾಕುವವನು.

ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಗೇಟಿನದು. ಸಂಜೆ ಆರಕ್ಕೆ ಬಾಗಿಲು ಹಾಕುವ ಹಾಸ್ಟೆಲಿನ ಹುಡುಗಿಗೆ ರಾತ್ರಿ ಎಂಟರವರೆಗೆ ತೆರೆದಿರುವ ಲೈಬ್ರರಿ ಇದ್ದೂ ಇಲ್ಲ. ಅಪ್ಪಂದಿರು ಬೇಗ ಬಾಗಿಲು ಹಾಕುವ ಹಾಸ್ಟೆಲನ್ನೇ ಒಳ್ಳೆಯದೆಂದು ಆರಿಸುತ್ತಾರೆ. ಗಂಡುಮಕ್ಕಳ ಹಾಸ್ಟೆಲಿನ ಗೇಟು ಎಷ್ಟು ಹೊತ್ತಿಗೆ ಹಾಕುತ್ತಾರೆಂದು ಇವರು ಕೇಳಿದ್ದನ್ನು ನಾನು ಕೇಳಿಲ್ಲ. ಪಕ್ಕದ ಕೇರಳದಲ್ಲಿ ಕೋಝಿಕೋಡ್ ಜಿಲ್ಲೆಯ ಕಾಲೇಜೊಂದು ಹಾಸ್ಟೆಲ್ ಹುಡುಗಿಯರಿಗೆ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಮೊಬೈಲ್ ಮುಟ್ಟಬಾರದೆಂದು ಕಟ್ಟಳೆ ಮಾಡಿತ್ತು. ಒಪ್ಪದ ವಿದ್ಯಾರ್ಥಿನಿಯನ್ನು ಹಾಸ್ಟೆಲಿನಿಂದ ಹೊರಗೆ ಕಳಿಸಿತು. ಅವಳು ಹೈಕೋರ್ಟಿಗೆ ಹೋದಳು. ಅಂತರ್ಜಾಲ ಬಳಸುವುದು ಓದುವ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗವೆಂದು 2019ರಲ್ಲಿ ಕೋರ್ಟು ಹೇಳಿ, ಅವಳನ್ನು ಮತ್ತೆ ಸೇರಿಸಿಕೊಳ್ಳಲು ಆದೇಶಿಸಿತು. ನಿಯಮ ಇರಬಾರದೆಂದಲ್ಲ. ಸೇರುವ ಮುಂಚೆ ನಿಯಮದ ಪುಸ್ತಕ ಕೇಳಿ ಓದಬೇಕು, ಮಗಳೇ ಓದಬೇಕು.

ರ್‍ಯಾಗಿಂಗ್ ಬಗ್ಗೆ ಅಮ್ಮಂದಿರಿಗೆ ಇರುವ ಹೆದರಿಕೆ ಸುಳ್ಳಲ್ಲ. ಹಿಮಾಚಲದ ಕಾಲೇಜೊಂದರಲ್ಲಿ 2009ರಲ್ಲಿ ವಿದ್ಯಾರ್ಥಿಯೊಬ್ಬ ಇದಕ್ಕೆ ಬಲಿಯಾದ ಮೇಲೆ ಯುಜಿಸಿ ಅದೇ ವರ್ಷ ಕಟ್ಟುನಿಟ್ಟಿನ ನಿಯಮ ತಂದಿತು. ಹೊಸಬರಿಗೆ ಆದಷ್ಟೂ ಪ್ರತ್ಯೇಕ ಬ್ಲಾಕ್ ಕೊಡಬೇಕು, ವಿದ್ಯಾರ್ಥಿಯೂ ಪೋಷಕರೂ ಪ್ರತಿ ವರ್ಷ ಮುಚ್ಚಳಿಕೆ ಬರೆದುಕೊಡಬೇಕು. ಕರ್ನಾಟಕದ 1983ರ ಶಿಕ್ಷಣ ಕಾಯ್ದೆಯಲ್ಲೂ ರ್‍ಯಾಗಿಂಗ್ ಜೈಲುಶಿಕ್ಷೆಯ ಅಪರಾಧವೇ. ದೂರಿಗೆ 1800-180-5522 ಎಂಬ ಉಚಿತ ಸಂಖ್ಯೆಯಿದೆ. ಹಾಸ್ಟೆಲ್ ನೋಡಲು ಹೋದಾಗ ಈ ಸಂಖ್ಯೆ ಗೋಡೆಯ ಮೇಲಿದೆಯೇ, ಇದ್ದರೆ ಅದರ ಮುಂದೆ ಬೀರು ಸರಿಸಿಟ್ಟಿದ್ದಾರೆಯೇ ನೋಡಿ. ವಾರ್ಡನ್ ಹಾಸ್ಟೆಲಿನಲ್ಲೇ ಮಲಗುತ್ತಾರೋ ಮನೆಗೆ ಹೋಗುತ್ತಾರೋ ಎಂಬುದನ್ನೂ ಅಡುಗೆಯವರ ಬಳಿ ವಿಚಾರಿಸಿ. ಅಡುಗೆಯವರು ಸುಳ್ಳು ಹೇಳುವುದು ಕಡಿಮೆ.

ಈಚಿನ ಎರಡು ಮೂರು ವರ್ಷಗಳಲ್ಲಿ ಹಾಸ್ಟೆಲ್ಲೇ ಬೇಡ ಎನ್ನುವ ಮನೆಗಳೂ ಹೆಚ್ಚುತ್ತಿರುವ ಹಾಗೆ ಕಾಣುತ್ತದೆ. 2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಐವತ್ತು ಕಿಲೋಮೀಟರ್ ದೂರದ ಕಾಲೇಜಿಗೂ ದಿನಾ ಹೋಗಿ ಬರಬಹುದು. ಎಷ್ಟೋ ಹುಡುಗಿಯರು ಓದು ಮುಂದುವರಿಸಿದ್ದೇ ಇದರಿಂದ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿಯಲು ಐದಕ್ಕೆ ಎದ್ದು, ಸಂಜೆ ನಿಂತುಕೊಂಡೇ ಊರು ಸೇರಿ, ಬಂದ ತಕ್ಷಣ ಕಸಬರಿಗೆ ಹಿಡಿಯುವವಳು ಕಾಲೇಜಿನಲ್ಲಿ ಇದ್ದದ್ದೆಷ್ಟು? ಅದೇ ಮನೆಯ ಗಂಡುಹುಡುಗನಿಗೆ ಹಾಸ್ಟೆಲಿನ ಫೀಸು ಕಟ್ಟಿರುತ್ತಾರೆ. ಬಸ್ಸು ಪುಕ್ಕಟೆಯಾದದ್ದು ಅವಳ ಹಾಸ್ಟೆಲಿಗೆ ಕುತ್ತಾಗಬಾರದಿತ್ತು.

ಮೊದಲ ವರ್ಷ ಕಾಲೇಜು ಹಾಸ್ಟೆಲ್ ಎಂದೆ. ಎರಡನೇ ವರ್ಷಕ್ಕೆ ಏನು? ಅಲ್ಲಿ ಜೊತೆಯಾದ ಮೂರ್ನಾಲ್ಕು ಮಂದಿ ಸೇರಿ ಹೊರಗೆ ಮನೆ ಮಾಡುವುದು ಈಗಿನ ರೀತಿ. ಮೈಸೂರಿನ ಬಡಾವಣೆಗಳಲ್ಲಿ ‘ಮನೆ ಬಾಡಿಗೆಗಿದೆ’ ಬೋರ್ಡು ನೋಡಿ ಇಂಥ ಮೂವರ ಗುಂಪೊಂದು ಬೆಲ್ ಒತ್ತುತ್ತದೆ. ಮಾಲೀಕರು ಕಾಲೇಜು ಕೇಳುತ್ತಾರೆ, ಊರು ಕೇಳುತ್ತಾರೆ, ಅಪ್ಪನ ಕೆಲಸ ಕೇಳುತ್ತಾರೆ. ಆಮೇಲೆ ದನಿ ತಗ್ಗಿಸಿ, ‘ನೀವು ಯಾವ ಜನ?’ ಎಂದು ಕೇಳುತ್ತಾರೆ. ಮೂವರದೂ ಮೂರು ಉತ್ತರ. ಒಬ್ಬನಿಗೆ ಮನೆ ಕೊಡಬಹುದು, ಒಬ್ಬನಿಗೆ ಯೋಚಿಸಬಹುದು, ಒಬ್ಬನಿಗೆ ಆಗುವುದಿಲ್ಲ. ‘ಫ್ಯಾಮಿಲಿಗೆ ಕೊಡೋದಪ್ಪಾ’ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ವಾರಾನ್ನದ ಪ್ರಶ್ನೆಯೇ ಇದು, ಬಾಡಿಗೆ ಕರಾರಿನ ಕಾಗದದ ಮೇಲೆ. ಕೊಡುತ್ತೇನೆಂದ ಮನೆಯೊಂದನ್ನು ಮೂರನೆಯವನಿಗಾಗಿ ಮಿಕ್ಕಿಬ್ಬರೂ ಬಿಟ್ಟು ಬಂದ ಹುಡುಗರು ನನಗೆ ಗೊತ್ತು. ಅವರು ಕೊನೆಗೆ ಮತ್ತೊಂದು ವರ್ಷಕ್ಕೆ ಹಾಸ್ಟೆಲಿಗೇ ಅರ್ಜಿ ಹಾಕಿದರು. ಈ ಸಲ ಒಂದೇ ರೂಮು ಬೇಕೆಂದು ಕೇಳಿದರು, ವಾರ್ಡನ್ ಕೊಟ್ಟರು. ಅಲ್ಲೂ ನೀರು ಮೇಲಿನ ಮಹಡಿಗೆ ಏರುವುದಿಲ್ಲವಂತೆ.